‘ಸಾಕು’ ಅನ್ನೋಕೆ 14 ತಿಂಗಳು

“ಇನ್ನೊಂಚೂರು, ಇನ್ನೊಂಚೂರು” ಅನ್ನುತ್ತಾ ಮೇಷ್ಟ್ರು ನನ್ನ ಬೆನ್ನಿನ ಮೇಲೆ ಎರಡೂ ಅಂಗೈ ಊರಿದರು. ಪಶ್ಚಿಮೋತ್ತಾನಾಸನ. ಕಾಲು ನೀಡಿ ಕೂತು, ಮುಂದಕ್ಕೆ ಬಾಗಿ, ಹೆಬ್ಬೆರಳು ಹಿಡಿದು, ಹಣೆಯನ್ನು ಮಂಡಿಗೆ ತಾಗಿಸಬೇಕು. ನನ್ನ ಹಣೆಗೂ ಮಂಡಿಗೂ ನಡುವೆ ಆ ಹೊತ್ತಿಗೆ ಉಳಿದಿದ್ದದ್ದು ನಾಲ್ಕು ಬೆರಳಿನಷ್ಟು ಜಾಗ. ಆ ನಾಲ್ಕು ಬೆರಳಿಗಾಗಿ ಏಳು ತಿಂಗಳಿಂದ ಒದ್ದಾಡುತ್ತಿದ್ದೆ. ಅವರ ಭಾರ ಮೆಲ್ಲಗೆ ಇಳಿಯಿತು. ಬಲಗಡೆ, ಕೂತ ಜಾಗದಲ್ಲೇ, ಒಳಗೆಲ್ಲೋ ಹಳೇ ಸೀರೆ ಪಿಸಿದ ಹಾಗೆ ‘ಚರಕ್’ ಅಂತು. ಹಣೆ ಮಂಡಿಗೆ ತಾಗಿತು. “ಭೇಷ್!” ಅಂದರು ಮೇಷ್ಟ್ರು. ಪಕ್ಕದ ಮ್ಯಾಟಿನವರು ಚಪ್ಪಾಳೆ ತಟ್ಟಿದರು. ನಾನು ನಕ್ಕೆ.

ಅದು 2023ರ ಫೆಬ್ರವರಿ. ಆವತ್ತು ಸ್ಕೂಟರ್‌ನಲ್ಲಿ ಮನೆಗೆ ಬರುವಾಗ ಪ್ರತಿ ರೋಡ್ ಹಂಪಿಗೂ ಬಲಗಡೆ ಚಳಕು ಹೊಡೆಯುತ್ತಿತ್ತು. ಆದರೆ ಅದಕ್ಕೆ ಮುಂಚೆಯೇ ಕ್ಲಾಸಿನ ವಾಟ್ಸಾಪ್ ಗುಂಪಿಗೆ ನನ್ನ ಫೋಟೋ ಬಂದಿತ್ತು. 27 ಜನ ಹೆಬ್ಬೆರಳೆತ್ತಿದ್ದರು. ನೋವನ್ನೂ ಆ ಹೆಬ್ಬೆರಳುಗಳನ್ನೂ ತೂಗಿ ನೋಡಿದರೆ ಆಗ ನನಗೆ ಹೆಬ್ಬೆರಳುಗಳೇ ಭಾರವಾಗಿದ್ದವು.

ನಾನು ಮೈಸೂರಿನವಳು. ಈ ಊರಲ್ಲೇ ಹುಟ್ಟಿ ಬೆಳೆದೂ 43 ವರ್ಷ ಒಂದೇ ಒಂದು ಆಸನ ಹಾಕದೆ ಇದ್ದದ್ದೂ ಒಂದು ಸಾಧನೆಯೇ. ಗೋಕುಲಂ ಕಡೆ ಹೋದರೆ ಮ್ಯಾಟನ್ನು ಹೆಗಲಿಗೇರಿಸಿಕೊಂಡ ವಿದೇಶಿಯರು ಎಳನೀರಿನ ಗಾಡಿ ಮುಂದೆ ನಿಂತಿರುತ್ತಾರೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ಪದ್ಧತಿ ಕಲಿಯಲು ಸಮುದ್ರ ದಾಟಿ ಬಂದವರು. ಜೋಯಿಸರು ಲಕ್ಷ್ಮೀಪುರಂನಲ್ಲಿ ಕಲಿಸುತ್ತಿದ್ದ ಕಾಲವನ್ನು ನಮ್ಮ ತಂದೆ ಕಂಡಿದ್ದರು. “ಬೆಳಗಿನ ಜಾವ ಆ ಮನೆ ಮುಂದೆ ಹಾದು ಹೋದ್ರೆ ಬರೀ ಉಸಿರಿನ ಸದ್ದು” ಅನ್ನುತ್ತಿದ್ದರು. ನಮಗೆ ಮಾತ್ರ ಯೋಗ ಅಂದರೆ ಹಿತ್ತಲ ಗಿಡ.

2022ರ ಜೂನ್ 21ಕ್ಕೆ ಪ್ರಧಾನಿಗಳು ಬಂದು ಅರಮನೆ ಮೈದಾನದಲ್ಲಿ ಯೋಗ ದಿನ ಆಚರಿಸಿದರಲ್ಲ, ಅದನ್ನು ನಾನು ನೋಡಿದ್ದು ಟಿ.ವಿ.ಯಲ್ಲಿ, ಕಾಫಿ ಕುಡಿಯುತ್ತಾ. ಅದಾದ ಎರಡು ವಾರಕ್ಕೆ ನನ್ನ ಬಿ.ಪಿ. 140ರ ಮೇಲೆ ಹೋಯಿತು. ದಿನಕ್ಕೆ ಎಂಟು ಗಂಟೆ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವ ಕೆಲಸ ನನ್ನದು. “ನಡೀರಿ, ಉಪ್ಪು ಕಮ್ಮಿ ಮಾಡಿ, ಯೋಗಕ್ಕೆ ಸೇರ್ಕೊಳ್ಳಿ” ಅಂದರು ಡಾಕ್ಟರು. ನಡೆಯಲಿಲ್ಲ, ಉಪ್ಪು ಕಮ್ಮಿ ಮಾಡಲಿಲ್ಲ, ಯೋಗಕ್ಕೆ ಸೇರಿಕೊಂಡೆ.

ನಮ್ಮ ಬಡಾವಣೆಯ ಒಂದು ಹಾಲಿನಲ್ಲಿ ಬೆಳಿಗ್ಗೆ ಆರಕ್ಕೆ ಕ್ಲಾಸು. ನಲವತ್ತು ಜನ, ಒಬ್ಬ ಮೇಷ್ಟ್ರು, ಕಾಲರ್ ಮೈಕು. ಹುಡುಗ ಒಳ್ಳೆಯವನು. ಮೂವತ್ತು ದಾಟಿರಲಿಲ್ಲ, ನಗುಮುಖ, ಯಾರ ಹೆಸರನ್ನೂ ಮರೆಯುತ್ತಿರಲಿಲ್ಲ. ಹನ್ನೆರಡು ಸೂರ್ಯನಮಸ್ಕಾರ ಮುಗಿಯುವುದರೊಳಗೆ ಬೆವರು ಹರಿಯುತ್ತಿತ್ತು, ಮೈ ಹಗುರ ಅನ್ನಿಸುತ್ತಿತ್ತು. ಅದು ಸುಳ್ಳಲ್ಲ. ಮೂರು ತಿಂಗಳಿಗೆ ನಿದ್ದೆ ಚೆನ್ನಾಯಿತು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಂತಿತು. ಆದರೆ ಅಲ್ಲಿ ಒಬ್ಬೊಬ್ಬರ ಕಣ್ಣೂ ಪಕ್ಕದ ಮ್ಯಾಟಿನ ಮೇಲೆ. ನನಗಿಂತ ಹತ್ತು ವರ್ಷ ದೊಡ್ಡವರೊಬ್ಬರು ನೀರು ಕುಡಿದಷ್ಟು ಸುಲಭವಾಗಿ ಹಲಾಸನ ಹಾಕುತ್ತಿದ್ದರು. ಅವರನ್ನು ನೋಡಿದಾಗ ನನ್ನ ಹೊಟ್ಟೆಯಲ್ಲಿ ಏಳುತ್ತಿದ್ದದ್ದು ಜಠರಾಗ್ನಿಯಂತೂ ಅಲ್ಲ.

ಪೆಟ್ಟು ಬಿದ್ದ ಮೇಲೆ ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಕ್ಲಾಸಿನಲ್ಲಿ ಒಂದು ಮಾತು ಚಾಲ್ತಿಯಲ್ಲಿತ್ತು: ನೋವು ಬಂದರೆ ಒಳ್ಳೆಯದು, ಮೈ ‘ಓಪನ್’ ಆಗ್ತಿದೆ ಅಂತ ಅರ್ಥ. ಸರಿ, ಓಪನ್ ಆಗಲಿ ಅಂತ ಇನ್ನಷ್ಟು ಎಳೆದೆ. ಎಳೆದ ಹೊತ್ತಿನಲ್ಲಿ ಹಾಯೆನಿಸುತ್ತಿತ್ತು, ಸಂಜೆಗೆ ಎರಡರಷ್ಟು ನೋವು. ಆಫೀಸಿನ ಕುರ್ಚಿಯಲ್ಲಿ ಅರ್ಧ ಗಂಟೆ ಕೂರುವಷ್ಟರಲ್ಲಿ ಬಲ ಅಂಡಿನ ಮೂಳೆಯ ಹತ್ತಿರ ಯಾರೋ ಬೆಣಚುಕಲ್ಲು ಇಟ್ಟ ಹಾಗಾಗುತ್ತಿತ್ತು. ಎಡಗಡೆಗೆ ವಾಲಿ ಕೂತು ಕೂತು ಎಡಸೊಂಟವೂ ಮುನಿಸಿಕೊಂಡಿತು. ಮದುವೆಮನೆಯಲ್ಲಿ ಊಟದ ಪಂಕ್ತಿ ಮುಗಿಯುವ ಮೊದಲೇ ಎದ್ದುಬಿಡುತ್ತಿದ್ದೆ. ಸ್ಕೂಟರ್ ಸೀಟಿಗೊಂದು ಚಿಕ್ಕ ದಿಂಬು ಕಟ್ಟಿಕೊಂಡೆ. ಮಗಳು ಕೇಳಿದರೆ ಸೀಟು ಬಿಸಿ ಆಗುತ್ತೆ ಅಂದೆ. ಬೆಳಿಗ್ಗೆ ರಂಗೋಲಿ ಹಾಕಲು ಬಗ್ಗಿದಾಗ ಮಾತ್ರ ಬಾಯಿಂದ ‘ಅಮ್ಮಾ’ ಬಂದೇ ಬಿಡುತ್ತಿತ್ತು. ಅತ್ತೆ ಒಂದು ದಿನ ಬಾಗಿಲಲ್ಲಿ ನಿಂತು, “ಯೋಗ ಮಾಡಿ ನೀನು ಚಿಕ್ಕವಳಾಗ್ತೀಯಾ ಅಂದ್ಕೊಂಡಿದ್ದೆ. ನನಗಿಂತ ಮುದುಕಿ ಆಗ್ತಿದ್ದೀಯಲ್ಲೇ” ಅಂದರು.

ಜೂನ್‌ನಲ್ಲಿ ಮೂಳೆ ಡಾಕ್ಟರ ಹತ್ತಿರ ಹೋದೆ. ಅವರು ಬೆರಳಿಟ್ಟು ಒತ್ತಿದ ಜಾಗ ಸರಿಯಾಗಿ ಅದೇ. ತೊಡೆಯ ಹಿಂಭಾಗದ ಸ್ನಾಯುಗಳು, ಎಲ್ಲರೂ ಹ್ಯಾಮ್‌ಸ್ಟ್ರಿಂಗ್ ಅನ್ನುವಂಥವು, ಮೇಲೆ ಹೋಗಿ ನಾವು ಕೂರುವ ಮೂಳೆಗೆ ಹಗ್ಗದಂಥ ಒಂದು ಪಟ್ಟಿಯಿಂದ ಅಂಟಿಕೊಂಡಿರುತ್ತವೆ. ನನ್ನದು ಆ ಅಂಟಿನ ಜಾಗದಲ್ಲೇ ಕೆಟ್ಟಿತ್ತು. ಮಾಂಸಖಂಡಕ್ಕೆ ರಕ್ತ ಚೆನ್ನಾಗಿ ಹರಿಯುತ್ತದೆ, ಬೇಗ ಕೂಡಿಕೊಳ್ಳುತ್ತದೆ. ಈ ಪಟ್ಟಿಗೆ ಹರಿಯುವ ರಕ್ತ ಕಮ್ಮಿ, ಹಾಗಾಗಿ ತಿಂಗಳುಗಟ್ಟಲೆ ಕಾಯಿಸುತ್ತದೆ. “ಯೋಗ ಮಾಡೋರಲ್ಲಿ ಇದು ಇರುತ್ತೆ” ಅಂದರು, ಹೊಸದೇನಲ್ಲ ಅನ್ನುವ ಧ್ವನಿಯಲ್ಲಿ. ನನಗೆ ಅಳು ಬಂತು. ನೋವಿಗಲ್ಲ, ಇಷ್ಟು ದಿನ ಅದನ್ನೇ ಎಳೆದೆನಲ್ಲ ಅಂತ.

ಫಿಸಿಯೋಥೆರಪಿ ಮಾಡಿಸುವ ಹುಡುಗಿ ಇನ್ನೂ ಕಟ್ಟುನಿಟ್ಟು. “ಮೇಡಂ, ಎಳೆದು ಎಳೆದು ಆದ ಪೆಟ್ಟು ಇದು. ಇನ್ನೂ ಎಳೆದ್ರೆ ವಾಸಿ ಆಗಲ್ಲ. ಇದಕ್ಕೆ ಬೇಕಾಗಿರೋದು ಬಲ” ಅಂದಳು. ಮುಂದಕ್ಕೆ ಬಾಗುವ ಆಸನಗಳೆಲ್ಲ ಬಂದ್. ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಎತ್ತಿ, ಸೇತುಬಂಧದ ಹಾಗೆ, ಅಲ್ಲಾಡದೆ 30 ಸೆಕೆಂಡು ಹಿಡಿಯಬೇಕು. ಹೀಗೆ ಐದು ಸಲ. ಎರಡು ವಾರ ಇಷ್ಟೇ. ಆಮೇಲೆ ಹಿಮ್ಮಡಿಯನ್ನು ಸ್ವಲ್ಪ ಸ್ವಲ್ಪವೇ ದೂರ ಸರಿಸಿ ಎತ್ತುವುದು. ಆಮೇಲೆ ನಯವಾದ ನೆಲದ ಮೇಲೆ ಹಿಮ್ಮಡಿ ಕೆಳಗೊಂದು ಟವೆಲ್ ಇಟ್ಟು, ಸೊಂಟ ಎತ್ತಿಕೊಂಡೇ ಕಾಲನ್ನು ನಿಧಾನವಾಗಿ ಜಾರಿಸಿ ನೀಡುವುದು. ಕೇಳಲು ಮಕ್ಕಳಾಟ, ಮಾಡಿದರೆ ತೊಡೆ ಗಡಗಡ. ನೋವು ಹತ್ತಕ್ಕೆ ಮೂರು ದಾಟಬಾರದು, ಮಾರನೇ ದಿನಕ್ಕೆ ಉಳಿಯಬಾರದು ಅಂತ ಲೆಕ್ಕ ಕೊಟ್ಟಳು. ಲೆಕ್ಕ ಬರೆಯುವವಳಿಗೆ ಇದು ಹಿಡಿಸಿತು. ಡೈರಿಯಲ್ಲಿ ದಿನಾ ಅಂಕಿ ಬರೆದಿಟ್ಟೆ. ಮನೆಯಲ್ಲಿ ಏನೇನು ಬಗ್ಗಿ ಮಾಡ್ತೀರಿ ಅಂತ ಕೇಳಿದಳು. ರಂಗೋಲಿ ಅಂದೆ. “ಮಂಡಿ ನೆಟ್ಟಗೆ ಮಾಡ್ಕೊಂಡು ಬಗ್ಗಿ ರಂಗೋಲಿ ಹಾಕೋದೂ ನೀವು ಮಾಡ್ತಿದ್ದ ಆಸನವೂ ಆ ಪಟ್ಟಿಗೆ ಒಂದೇ. ಮಣೆ ಹಾಕ್ಕೊಂಡು ಕೂತು ಹಾಕಿ” ಅಂದಳು. ಅತ್ತೆಗೆ ಇದು ಸರಿಬರಲಿಲ್ಲ. ನಾಲ್ಕು ದಿನ ತಾವೇ ಬಗ್ಗಿ ಹಾಕಿ, ಐದನೇ ದಿನ ಅವರೂ ಮಣೆ ಎಳೆದುಕೊಂಡರು.

ಸೆಪ್ಟೆಂಬರ್ ಕೊನೆಗೆ ನೋವು ಒಂದಕ್ಕೆ ಇಳಿಯಿತು. ಯೋಗದ ಸಹವಾಸ ಸಾಕು ಅಂದುಕೊಂಡಿದ್ದವಳನ್ನು ಸರಸ್ವತೀಪುರಂನಲ್ಲಿ ಮನೆಯ ಮಹಡಿ ಮೇಲೆ ಹೇಳಿಕೊಡುವ ಒಬ್ಬರ ಹತ್ತಿರ ಆಫೀಸಿನ ಗೆಳತಿ ಕರೆದುಕೊಂಡು ಹೋದಳು. 71 ವರ್ಷದ ನಿವೃತ್ತ ಶಾಲಾ ಶಿಕ್ಷಕಿ. ಎಲ್ಲರೂ ಟೀಚರ್ ಅಂತಲೇ ಕರೆಯುತ್ತಾರೆ. ಎಂಟೇ ಜನ. ಗೋಡೆಗೆ ಹಗ್ಗ, ಮೂಲೆಯಲ್ಲಿ ಕಬ್ಬಿಣದ ಮಡಚುವ ಕುರ್ಚಿಗಳು, ಮರದ ಇಟ್ಟಿಗೆಗಳು, ಅಟ್ಟದ ತುಂಬ ಮಡಿಸಿಟ್ಟ ಜಮಖಾನೆ. ನೋಡಿದ ಕೂಡಲೇ ನಿರಾಸೆ ಆಯಿತು. ಮುದುಕರ ಕ್ಲಾಸು ಇದು ಅಂದುಕೊಂಡೆ.

ಟೀಚರ್ ಒಂದು ನೋಟ್‌ಬುಕ್ಕು ಮುಂದಿಟ್ಟರು. ಒಬ್ಬೊಬ್ಬರಿಗೆ ಒಂದು ಪುಟ. ಯಾವ ಮಾತ್ರೆ ತಗೋತೀರಿ, ಯಾವ ಆಪರೇಷನ್ ಆಗಿದೆ, ಕಣ್ಣಿನ ಒತ್ತಡ ಇದೆಯಾ, ಕತ್ತು ನೋವು, ತಲೆ ಸುತ್ತು, ಹಳೇ ಪೆಟ್ಟು. ಕಾಲಿನ ಪೆಟ್ಟು ಬರೆದೆ, ಪಕ್ಕದಲ್ಲಿ ‘ಪೂರ್ತಿ ವಾಸಿಯಾಗಿದೆ’ ಅಂತಲೂ ಬರೆದೆ. ಮಾತ್ರೆ ಕಾಲಂನಲ್ಲಿ ‘ಇಲ್ಲ’. ಆಗಸ್ಟ್‌ನಿಂದ ಬಿ.ಪಿ.ಗೆ ಆಮ್ಲೋಡಿಪಿನ್ 5 ಎಂ.ಜಿ. ಶುರುವಾಗಿತ್ತು. ಅದನ್ನು ಬರೆದರೆ ಶೀರ್ಷಾಸನ ಹೇಳಿಕೊಡುವುದಿಲ್ಲ ಅಂತ ಎಲ್ಲೋ ಓದಿದ್ದೆ. ನೋಡಿ, ಏಳು ತಿಂಗಳು ಅಷ್ಟು ಅನುಭವಿಸಿದ ಮೇಲೂ ತಲೆ ಕೆಳಗೆ ಮಾಡಿ ನಿಲ್ಲುವ ಆಸೆ ಹೋಗಿರಲಿಲ್ಲ.

ಮೂರನೇ ವಾರ ಅಧೋಮುಖ ಶ್ವಾನಾಸನ. ಕೈಯೂರಿ, ಸೊಂಟ ಮೇಲೆತ್ತಿ, ತಲೆ ಕೆಳಗೆ ಬಿಟ್ಟು ಸ್ವಲ್ಪ ಹೊತ್ತು ಇರಬೇಕು. ಆವತ್ತು ಬೆಳಿಗ್ಗೆ ಮಾತ್ರೆ ಮರೆತಿದ್ದೆ. ಕಿವಿಯಲ್ಲಿ ಡೋಲು ಬಡಿದ ಹಾಗೆ. ಟೀಚರ್ ಬಂದು ಮುಖ ನೋಡಿದರು. “ಮಂಡಿ ಊರಿ. ಹಾಗೇ ಹಿಂದಕ್ಕೆ ಕೂತ್ಕೊಳ್ಳಿ. ತಲೆ ಒಮ್ಮೆಲೇ ಎತ್ಬೇಡಿ.” ಆಮೇಲೆ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ಮೆಲ್ಲಗೆ ಕೇಳಿದರು.

“ಬಿ.ಪಿ. ಇದೆಯಾ?”

“ಬಾರ್ಡರ್ ಟೀಚರ್.”

“ಮಾತ್ರೆ?”

“…5 ಎಂ.ಜಿ.”

ಅವರು ಬೈಯಲಿಲ್ಲ. ಒಳಗೆ ಹೋಗಿ ನೋಟ್‌ಬುಕ್ಕು ತಂದು, ನನ್ನ ಪುಟ ತೆಗೆದು, ಪೆನ್ನು ಕೊಟ್ಟರು. “ತಿದ್ದಿ. ಯಮ ನಿಯಮ ಎಲ್ಲಾ ಬಾಯಿಪಾಠ ಇದೆ ಅಂತ ಮೊನ್ನೆ ಹೇಳಿದ್ರಲ್ಲ. ಸತ್ಯ ಅಂದ್ರೆ ಹರಿಶ್ಚಂದ್ರನ ನಾಟಕ ಅಂದ್ಕೊಂಡ್ರಾ? ಈ ಕಾಲಂ ಇದೆಯಲ್ಲ, ಇದು ಸತ್ಯ.” ಏಳು ಜನರ ಮುಂದೆ ತಿದ್ದಿದೆ. ಕೈ ನಡುಗುತ್ತಿತ್ತು.

ಬಾಯಿಪಾಠ ಇದ್ದದ್ದು ನಿಜವೇ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ, ಇವು ಯಮ, ಬೇರೆಯವರ ಜೊತೆ ನಡೆದುಕೊಳ್ಳುವ ರೀತಿ. ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ, ಇವು ನಿಯಮ, ನಮಗೆ ನಾವೇ ಹಾಕಿಕೊಳ್ಳುವ ಶಿಸ್ತು. ಹಳೇ ಕ್ಲಾಸಿನ ಗೋಡೆಯ ಮೇಲೆ ಬಣ್ಣದ ಬ್ಯಾನರಿನಲ್ಲಿ ಇದ್ದವು. ನಾವು ಅದರ ಕೆಳಗೇ ಚಪ್ಪಲಿ ಬಿಡುತ್ತಿದ್ದೆವು. ಪತಂಜಲಿಯ ಇನ್ನೂರಕ್ಕೆ ಹತ್ತಿರದ ಯೋಗಸೂತ್ರಗಳಲ್ಲಿ ಆಸನ ಹೇಗಿರಬೇಕು ಅನ್ನುವುದಕ್ಕೆ ಮೀಸಲಾದವು ಮೂರೇ, ಅದೂ ಎರಡನೇ ಪಾದದಲ್ಲಿ, ಅಂದರೆ ಅಧ್ಯಾಯದಲ್ಲಿ, ಯಮ ನಿಯಮ ಎಲ್ಲ ಮುಗಿದ ಮೇಲೆ. ಮೊದಲನೆಯದು ‘ಸ್ಥಿರಸುಖಮಾಸನಂ’, ಅಂದರೆ ಆಸನ ಸ್ಥಿರವಾಗಿಯೂ ಸುಖವಾಗಿಯೂ ಇರಬೇಕು. ಎರಡನೆಯದನ್ನು ಟೀಚರ್ ಹೇಳಿದ ಮೇಲೆಯೇ ನಾನು ಕೇಳಿದ್ದು: ‘ಪ್ರಯತ್ನಶೈಥಿಲ್ಯ’, ಅಂದರೆ ಪ್ರಯತ್ನ ಸಡಿಲಬೇಕು. ಹಠಯೋಗ ಪ್ರದೀಪಿಕೆ ಅನ್ನುವ ಹಳೇ ಗ್ರಂಥದಲ್ಲಂತೂ ಯೋಗವನ್ನು ಕೆಡಿಸುವ ಆರು ಸಂಗತಿಗಳ ಪಟ್ಟಿಯೇ ಇದೆ. ಅತಿಯಾಗಿ ತಿನ್ನುವುದು ಮೊದಲನೆಯದು, ಮೈಮೀರಿ ಶ್ರಮಪಡುವುದು ಎರಡನೆಯದು, ಮೂರನೆಯದು ಹರಟೆ. “ನಿಮ್ಮ ವಾಟ್ಸಾಪ್ ಗುಂಪಲ್ಲಿ ಎರಡನೇದೂ ಮೂರನೇದೂ ಒಟ್ಟಿಗೇ ಆಗ್ತಿತ್ತು” ಅಂದರು ಟೀಚರ್.

ಅಲ್ಲಿಂದ ಕಲಿಕೆ ಮತ್ತೆ ಅ ಆ ಇ ಈಯಿಂದ. ಮೊದಲನೆಯ ಪಾಠ: ಬಾಗುವುದು ಬೆನ್ನಿನಿಂದಲ್ಲ, ಸೊಂಟದ ಕೀಲಿನಿಂದ. ಗೋಡೆಗೆ ಅಂಗೈ ಊರಿ, ಮೇಜಿನ ಆಕಾರಕ್ಕೆ ಬರುವಷ್ಟೇ ಹಿಂದೆ ಸರಿದು, ಮಂಡಿಯನ್ನು ಚೂರು ಮಡಚಿಟ್ಟುಕೊಂಡು ನಿಲ್ಲುವುದು. ಎರಡು ತಿಂಗಳು ನನ್ನ ಮುಂಬಾಗು ಇಷ್ಟೇ. ಕೂತು ಮಾಡುವ ಆಸನಗಳಿಗೆ ಅಂಡಿನ ಕೆಳಗೆ ಮಡಿಸಿದ ಎರಡು ಕಂಬಳಿ, ಏಕೆಂದರೆ ಸೊಂಟ ಎತ್ತರಕ್ಕೆ ಬಂದರೆ ಬೆನ್ನು ಗೂನಾಗುವುದಿಲ್ಲ, ಆ ಪಟ್ಟಿಯ ಮೇಲೆ ಜಗ್ಗಾಟವೂ ಕಮ್ಮಿ. ಎಳೆತ ತೊಡೆಯ ನಡುವೆ, ಮಾಂಸದಲ್ಲಿ ಗೊತ್ತಾದರೆ ಸರಿ. ಮೂಳೆಗೆ ಅಂಟಿದ ತುದಿಯಲ್ಲಿ ಚುಚ್ಚಿದರೆ ಕೂಡಲೇ ಹಿಂದಕ್ಕೆ ಬರಬೇಕು. ಈ ಒಂದು ವ್ಯತ್ಯಾಸ ನನಗೆ ಯಾರೂ ಹೇಳಿರಲಿಲ್ಲ. ನೋವು ಅಂದರೆ ನೋವು ಅಂದುಕೊಂಡಿದ್ದೆ. ಮೈಗೆ ಎಷ್ಟು ಬಗೆಯ ಮಾತಿದೆ! ಬೆಚ್ಚಗಿನ ಎಳೆತ ಬೇರೆ, ಸುಟ್ಟಂಥದ್ದು ಬೇರೆ, ಸೂಜಿಯಂಥದ್ದು ಬೇರೆ, ಜೋಮು ಬೇರೆ. ಕೀಲಿನಲ್ಲಿ ಏಳುವ ಯಾವ ನೋವಿಗೂ ಮರ್ಯಾದೆ ಕೊಟ್ಟು ಬಿಟ್ಟುಬಿಡಬೇಕು ಅನ್ನುತ್ತಾರೆ ಟೀಚರ್.

ಪದ್ಮಾಸನದ ವಿಷಯದಲ್ಲೂ ಹೀಗೇ ಆಯಿತು. ಮಂಡಿ ಬಾಗಿಲ ಕೀಲಿದ್ದ ಹಾಗೆ, ಮುಖ್ಯವಾಗಿ ಮಡಚಿ ಬಿಚ್ಚುವುದಕ್ಕೆ ಇರುವುದು. ತಿರುಗಬೇಕಾದದ್ದು ಸೊಂಟದ ಕೀಲು. ಸೊಂಟ ತಿರುಗದವರು ಪಾದ ಹಿಡಿದು ತೊಡೆ ಮೇಲೆ ಎಳೆದುಕೊಂಡರೆ ಆ ತಿರುಚು ಮಂಡಿಗೆ ಬೀಳುತ್ತದೆ. ನನ್ನ ಕಾಲನ್ನು ಒಮ್ಮೆ ತಿರುಗಿಸಿ ನೋಡಿ, “ನಿಮ್ಮ ಸೊಂಟದ ಮೂಳೆ ಇರೋ ರೀತಿಗೆ ಪದ್ಮಾಸನ ಬರದೇ ಇರಬಹುದು. ಚಕ್ಕಳಮಕ್ಕಳ ಹಾಕಿ ಕೂತ್ರೆ ದೇವರೇನೂ ಬೇಜಾರು ಮಾಡ್ಕೊಳ್ಳಲ್ಲ” ಅಂದರು. ಒಂದು ಆಸೆ ಅಷ್ಟು ಸಲೀಸಾಗಿ ಬಿದ್ದುಹೋಯಿತು.

ಶೀರ್ಷಾಸನ ಬೀಳಲು ತಡವಾಯಿತು. ಬಿ.ಪಿ. ಪೂರ್ತಿ ಹಿಡಿತಕ್ಕೆ ಬಂದು, ಡಾಕ್ಟರು ಒಪ್ಪುವ ತನಕ ತಲೆಕೆಳಗಿನ ಆಸನ ಬೇಡ ಅಂದರು. ನನ್ನ ಪಾಲಿಗೆ ಗೋಡೆಗೆ ಕಾಲೆತ್ತಿಟ್ಟು ಮಲಗುವುದು, ಇಲ್ಲವೇ ಸೊಂಟದ ಕೆಳಗೆ ಇಟ್ಟಿಗೆ ಇಟ್ಟ ಸೇತುಬಂಧ. ಪ್ರಾಣಾಯಾಮದಲ್ಲಿ ಉಸಿರು ಕಟ್ಟುವುದೂ ಇಲ್ಲ, ಜೋರಾಗಿ ಉಸಿರು ತಳ್ಳುವ ಭಸ್ತ್ರಿಕಾ ಕಪಾಲಭಾತಿಯೂ ಇಲ್ಲ. ಉಸಿರು ಬಿಡುವುದನ್ನು ನಿಧಾನ ಮಾಡುವುದಷ್ಟೇ. ಉಳಿದವರು ಭುಜದ ಮೇಲೆ ನಿಂತು ಕಾಲೆತ್ತುವ ಸರ್ವಾಂಗಾಸನ ಹಾಕುವಾಗ ನಾನು ಮಲಗಿ ನೋಡುತ್ತಿದ್ದೆ. ನೋಡಿದ್ದರಿಂದಲೇ ಒಂದು ಗೊತ್ತಾಯಿತು. ನಾಲ್ಕು ಜಮಖಾನೆಯನ್ನು ಚೊಕ್ಕವಾಗಿ ಮಡಿಸಿ ಒಂದರ ಮೇಲೊಂದಿಟ್ಟು, ಭುಜ ಅದರ ಮೇಲೆ, ತಲೆ ಮಾತ್ರ ಕೆಳಗೆ ನೆಲದ ಮೇಲೆ. ಹಾಗೆ ಮಾಡಿದರೆ ಭಾರವನ್ನು ಭುಜ ಹೊರುತ್ತದೆ, ಕತ್ತಿನ ಮೂಳೆ ನೆಲಕ್ಕೆ ಒತ್ತಿಕೊಳ್ಳುವುದಿಲ್ಲ. ಮೇಲೆ ಹೋದ ಮೇಲೆ ಪಕ್ಕದವರು ಏನು ಮಾಡುತ್ತಿದ್ದಾರೆ ಅಂತ ಕತ್ತು ತಿರುಗಿಸಲೇಬಾರದು. ಹಳೇ ಕ್ಲಾಸಿನಲ್ಲಿ ನಾನು ಬರೀ ತೆಳು ಮ್ಯಾಟಿನ ಮೇಲೆ, ಕತ್ತು ತಿರುಗಿಸಿ ಪಕ್ಕದವರನ್ನು ನೋಡುತ್ತಲೇ ಸರ್ವಾಂಗಾಸನ ಹಾಕಿದ್ದೆ. ಯಾವ ಪುಣ್ಯವೋ ಕಾಪಾಡಿತು.

ಈ ಹಗ್ಗ, ಇಟ್ಟಿಗೆ, ಕುರ್ಚಿಯ ಪದ್ಧತಿ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರದು ಅಂತ ಆಮೇಲೆ ತಿಳಿಯಿತು. ಪುಣೆಯವರು ಅಂದುಕೊಂಡಿದ್ದೆ. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರಂತೆ. ಕ್ಷಯ, ಟೈಫಾಯ್ಡ್, ಮಲೇರಿಯಾ ಎಲ್ಲ ಅನುಭವಿಸಿದ ಬಡಕಲು ಹುಡುಗ, ಅಕ್ಕನ ಗಂಡ, ಯೋಗಗುರು ತಿರುಮಲೈ ಕೃಷ್ಣಮಾಚಾರ್ಯರ ಆಸರೆಗೆ ನಮ್ಮ ಮೈಸೂರಿಗೆ ಬಂದದ್ದು. ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಯೋಗಶಾಲೆ ನಡೆಸಲು ಜಾಗ ಕೊಟ್ಟಿದ್ದು ಜಗನ್ಮೋಹನ ಅರಮನೆಯಲ್ಲಿ. ನಾನು ಚಿಕ್ಕಂದಿನಿಂದ ಚಿತ್ರಪಟ ನೋಡಲು ಹೋಗುತ್ತಿದ್ದ ಅದೇ ಅರಮನೆ. ಆ ದಿನಗಳಲ್ಲಿ ಒಮ್ಮೆ ಬಂದ ದೊಡ್ಡವರೊಬ್ಬರ ಮುಂದೆ ಹನುಮಾನಾಸನ ಹಾಕು ಅಂತ ಗುರುಗಳು ಅಪ್ಪಣೆ ಮಾಡಿದರು. ಒಂದು ಕಾಲು ಮುಂದಕ್ಕೆ ಒಂದು ಕಾಲು ಹಿಂದಕ್ಕೆ ಪೂರ್ತಿ ನೀಡಿ ಕೂರುವ ಆಸನ ಅದು. ಹುಡುಗನಿಗೆ ಅಭ್ಯಾಸವೇ ಇರಲಿಲ್ಲ. ಚಡ್ಡಿ ಬಿಗಿ ಇದೆ ಅಂದರೆ ಗುರುಗಳು ಕತ್ತರಿ ತರಿಸಿ ಅದನ್ನೇ ಕತ್ತರಿಸಿಬಿಟ್ಟರು. ಹುಡುಗ ಆಸನ ಹಾಕಿದ, ತೊಡೆಯ ಹಿಂದಿನ ಸ್ನಾಯು ಹರಿಯಿತು, ಬಹಳ ಕಾಲ ನೆಟ್ಟಗೆ ನಡೆಯಲಾಗಲಿಲ್ಲ. ಅಯ್ಯಂಗಾರರೇ ಮುಂದೆ ಇದನ್ನು ಹೇಳಿಕೊಂಡಿದ್ದಾರೆ.

ಟೀಚರ್ ಇದನ್ನು ಹೇಳಿದ ದಿನ ನಾನು ಸುಮಾರು ಹೊತ್ತು ಮಾತಾಡಲಿಲ್ಲ. ಅದೇ ಊರು, ಅದೇ ಸ್ನಾಯು. ಆ ಹುಡುಗನಿಗೆ ಬೇಡ ಅನ್ನುವ ಸ್ವಾತಂತ್ರ್ಯವೇ ಇರಲಿಲ್ಲ. ನನಗೆ ಇತ್ತು. ತಿಂಗಳಿಗೆ ದುಡ್ಡು ಕಟ್ಟಿ ಹೋಗುತ್ತಿದ್ದ ಕ್ಲಾಸದು. ನನ್ನ ಬಾಯಿ ಕಟ್ಟಿದವರು ಯಾರು?

ಜನವರಿಯಲ್ಲಿ ಹಳೇ ಮೇಷ್ಟ್ರ ಹತ್ತಿರ ಹೋದೆ. ಜಗಳಕ್ಕಲ್ಲ, ಆದರೆ ಹೇಳದೆ ಇರಲಾಗಲಿಲ್ಲ. ಆಗಲೂ ಅವನು ನಲವತ್ತು ಜನರ ಬೆನ್ನು ಒತ್ತುತ್ತಿದ್ದನಲ್ಲ. ಕ್ಲಾಸು ಮುಗಿಯುವ ತನಕ ಹೊರಗೆ ಕಾದು, ಒಂದೇ ಉಸಿರಿಗೆ ಹೇಳಿದೆ. ಮೇಷ್ಟ್ರ ಮುಖ ಬಿಳುಚಿತು. “ನೀವು ಆವತ್ತು ನಕ್ಕಿದ್ರಿ ಮೇಡಂ” ಅಂದ.

ಅದಕ್ಕೆ ಉತ್ತರ ಏನು ಕೊಡಲಿ? ಒತ್ತುವ ಮೊದಲು ಒಂದು ಮಾತು ಕೇಳಬೇಕಿತ್ತು ಅನ್ನುವುದು ಸರಿಯೇ. ಮೈಕು ಕಟ್ಟಿಕೊಂಡು ನಲವತ್ತು ಮೈಗಳನ್ನು ಒಟ್ಟಿಗೆ ನೋಡಲು ಆಗುವುದಿಲ್ಲ ಅನ್ನುವುದೂ ಸರಿ. ಅದನ್ನು ಹೇಳಿಯೂ ಹೇಳಿದೆ. ಅವನು ತಲೆಯಾಡಿಸಿದ. ಆದರೆ ನಕ್ಕದ್ದು ನಾನೇ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಲಭುಜ ಸವರಿಕೊಂಡು ಹೇಳಿದ: “ನಂಗೂ ಒಂದು ವರ್ಷದಿಂದ ಭುಜ ನೋವು ಮೇಡಂ. ದಿನಾ ನಾಲ್ಕು ಬ್ಯಾಚು. ನಮ್ಮ ಗುರುಗಳಿಗೆ ಹೇಳಿಲ್ಲ.” ಫಿಸಿಯೋ ಹುಡುಗಿಯ ನಂಬರು ಕೊಟ್ಟು ಬಂದೆ.

ಇನ್ನು ಮನೆಯ ಕಥೆ. ಮೊದಲ ಕ್ಲಾಸಿಗೆ ಹೋಗುತ್ತಿದ್ದಾಗ ಏಳೂಕಾಲಿಗೆ ಮನೆಗೆ ಬಂದು, ಸ್ಟವ್ ಮೇಲೆ ಒಂದು, ಬಾಯಲ್ಲಿ ಇನ್ನೊಂದು. ಹಾಲು ಯಾಕೆ ಉಕ್ಕಿತು, ಯೂನಿಫಾರಂ ಯಾಕೆ ಇಸ್ತ್ರಿ ಆಗಿಲ್ಲ. ಗೇಟಿನ ಸದ್ದು ಕೇಳಿದರೆ ಮಗಳು ಅಜ್ಜಿಗೆ “ಅಮ್ಮ ಯೋಗದಿಂದ ಬಂದ್ಲು, ಹುಷಾರು” ಅನ್ನುತ್ತಿದ್ದಳಂತೆ. ಇದು ನನ್ನ ಕಿವಿಗೆ ಬಿದ್ದದ್ದು ಟೀಚರ್ ಕ್ಲಾಸು ಸೇರಿದ ಮೇಲೆ. ಅಹಿಂಸೆ ಅಂದರೆ ಮೊಟ್ಟೆ ತಿನ್ನದೆ ಇರುವುದು ಅಂತ ತಿಳಿದಿದ್ದ ನನಗೆ ಅದು ಕಪಾಳಕ್ಕೆ ಹೊಡೆದ ಹಾಗಾಯಿತು. ಸ್ವಂತ ತೊಡೆಯನ್ನೇ ಕನಿಕರವಿಲ್ಲದೆ ಜಗ್ಗುತ್ತಿದ್ದವಳು ಮಗುವನ್ನು ಬಿಟ್ಟಾಳೆಯೇ? ಒಂದು ಉಪಾಯ ಮಾಡಿಕೊಂಡೆ. ಕ್ಲಾಸಿನ ಕೊನೆಗೆ ಶವಾಸನವನ್ನು ಅರ್ಧಕ್ಕೇ ಬಿಟ್ಟು ಮೊದಲು ಓಡುತ್ತಿದ್ದವಳು ಈಗ ಹತ್ತು ನಿಮಿಷವೂ ಮಲಗುತ್ತೇನೆ. ತಿಂಡಿ ತಡವಾದರೆ ಆಗಲಿ. ಮನೆಯವರು ಉಪ್ಪಿಟ್ಟು ಕಲಿತರು, ಗಂಟು ಗಂಟು ಆಗುತ್ತದೆ, ತಿನ್ನುತ್ತೇವೆ. ಬೈಗುಳ ಪೂರ್ತಿ ನಿಂತಿಲ್ಲ. ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ವಾರದಲ್ಲಿ ಮಗಳು ಈಗಲೂ ಅಜ್ಜಿಯ ಕೋಣೆಯಲ್ಲೇ ಓದಿಕೊಳ್ಳುತ್ತಾಳೆ.

ಉಳಿದ ಯಮಗಳು ಇಷ್ಟು ಕಷ್ಟ ಕೊಡಲಿಲ್ಲ. ಅಪರಿಗ್ರಹಕ್ಕೆ ನನ್ನ ಹತ್ತಿರ ಮೂರು ಮ್ಯಾಟಿದ್ದವು, ಎರಡು ಕೊಟ್ಟೆ. ಅಸ್ತೇಯವನ್ನು ಟೀಚರೇ ಬಾಗಿಲಲ್ಲಿ ಕಲಿಸಿದರು: ಹತ್ತು ನಿಮಿಷ ತಡವಾಗಿ ಬಂದವಳಿಗೆ “ಏಳು ಜನರ ಹತ್ತತ್ತು ನಿಮಿಷ ಕದ್ದಿರಿ” ಅಂದರು. ಬ್ರಹ್ಮಚರ್ಯದ ಬಗ್ಗೆ ಅವರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

2024ರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಟೀಚರ್, “ಇವತ್ತು ಪಶ್ಚಿಮೋತ್ತಾನ ನೋಡೋಣ್ವಾ?” ಅಂದರು. ನನ್ನ ಹೊಟ್ಟೆ ತಣ್ಣಗಾಯಿತು. ಎರಡು ಕಂಬಳಿ ಮೇಲೆ ಕೂತೆ. ಪಾದಕ್ಕೆ ಬೆಲ್ಟು, ಕೈಯಲ್ಲಿ ಬೆಲ್ಟಿನ ಎರಡು ತುದಿ, ಮಂಡಿ ಕೆಳಗೆ ಸುತ್ತಿದ ಟವೆಲ್. ಎದೆ ಮುಂದಕ್ಕೆ, ಹೊಕ್ಕುಳು ತೊಡೆ ಕಡೆಗೆ, ತಲೆಯನ್ನು ಮರೆತುಬಿಡಿ ಅಂದರು. ಬಾಗಿದೆ. ತೊಡೆಯ ನಡುವೆ ಬೆಚ್ಚಗೆ ಎಳೆಯಿತು. “ಬೆನ್ನ ಮೇಲೆ ಕೈ ಇಡಲಾ?” ಅಂತ ಕೇಳಿದರು. ಹೂಂ ಅಂದೆ. ಒತ್ತಲಿಲ್ಲ. ಎಲೆ ಮೇಲೆ ಎಲೆ ಬಿದ್ದಷ್ಟು ಭಾರ. ಮೂರು ಉಸಿರು ಹೋಯಿತು. ನಾಲ್ಕನೆಯದಕ್ಕೆ ಬಲಗಡೆ, ಆ ಹಳೇ ಜಾಗದಲ್ಲಿ, ಚುಚ್ಚಲಿಲ್ಲ, ಚುಚ್ಚುವ ಮುಂಚಿನ ಒಂದು ಸಣ್ಣ ಸುಳಿವು ಸಿಕ್ಕಿತು. ಹಣೆಗೂ ಮಂಡಿಗೂ ನಡುವೆ ಒಂದೂವರೆ ಗೇಣು.

“ಸಾಕು ಟೀಚರ್” ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

“ಸರಿ” ಅಂದು ಕೈ ತೆಗೆದು ಪಕ್ಕದ ಮ್ಯಾಟಿಗೆ ಹೋದರು. ಯಾರೂ ತಿರುಗಿ ನೋಡಲಿಲ್ಲ.

ಶವಾಸನ ಮುಗಿಸಿ, ಜಮಖಾನೆ ಮಡಿಸಿಟ್ಟು, ದಾರಿಯಲ್ಲಿ ತೊಂಡೆಕಾಯಿ ತಗೊಂಡು, ಎರಡು ಹಂಪು ಹತ್ತಿಳಿದು ಮನೆ ಮುಟ್ಟಿದೆ. ಗೇಟು ಹಾಕಿ ಸ್ಕೂಟರ್ ನಿಲ್ಲಿಸುವಾಗ ನೋಡಿದರೆ ಸೀಟಿನ ಮೇಲೆ ದಿಂಬಿಲ್ಲ. ಬೆಳಿಗ್ಗೆ ಒಗೆಯಲು ಬಿಚ್ಚಿ ಹಾಕಿದವಳು ಕಟ್ಟುವುದನ್ನೇ ಮರೆತು ಹೋಗಿದ್ದೆ.